ವೈರ್ ಬ್ಯಾಗಿನಲ್ಲಿ ನಯನ ಇರಲಿಲ್ಲ

ಮೊದಲೇ ಹೇಳಿಬಿಡುತ್ತೇನೆ. ನಯನ ಎಂಬ ಹೆಣ್ಣುಮಗಳನ್ನು ನಾನು ಕೊಂದಿಲ್ಲ, ಬಚ್ಚಿಟ್ಟಿಲ್ಲ, ಹೊಳೆಗೆ ತಳ್ಳಿಲ್ಲ. ನಾನು ಚಲುವರಾಜು, ಪಾಂಡವಪುರಕ್ಕೆ ಏಳು ಕಿಲೋಮೀಟರ್ ದೂರದ ನಮ್ಮೂರಿನ ಹಾಲಿನ ಡೈರಿ ಸೆಕ್ರೆಟರಿ. ಇಪ್ಪತ್ತೊಂದು ವರ್ಷದಿಂದ ಬೆಳಿಗ್ಗೆ ಸಂಜೆ ಹಾಲು ಅಳೆದು, ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡಿ, ಬರೆದುಕೊಳ್ಳುವುದು ಬಿಟ್ಟರೆ ಬೇರೆ ಯಾವ ನಿಗೂಢ ವಿದ್ಯೆಯೂ ನನಗೆ ಬರುವುದಿಲ್ಲ. ಇಷ್ಟನ್ನು ಬಾಯಲ್ಲಿ ಹೇಳಿ ಸಾಕಾಯಿತು, ಪೊಲೀಸರಿಗೆ ಬರೆದುಕೊಟ್ಟು ಸಾಕಾಯಿತು. ಈಗ ವಿವರವಾಗಿ ಬರೆಯುತ್ತಿದ್ದೇನೆ. ಓದಿದ ಮೇಲೂ ನಂಬದವರು ತಮ್ಮ ಹಾಲನ್ನು ಪಕ್ಕದೂರಿನ ಡೈರಿಗೆ ಹಾಕಿಕೊಳ್ಳಬಹುದು.

‘ಹನ್ನೊಂದನೇ ಮೆಟ್ಟಿಲು’ ಎಂದು ಒಂದು ಸಿನಿಮಾ. ಎರಡೂಕಾಲು ಗಂಟೆ ನಡೆಯುತ್ತದೆ. ಅದರಲ್ಲಿ ಎರಡು ಗಂಟೆ ಯಾರೂ ಮಾತಾಡುವುದಿಲ್ಲ. ಕೊನೆಗೆ ನಯನ ಎಂಬ ನಾಯಕಿ ಕೆಂಪು ಸೀರೆ ಉಟ್ಟು ಶ್ರೀರಂಗಪಟ್ಟಣದಲ್ಲಿ ಹೊಳೆಯ ಮೆಟ್ಟಿಲು ಇಳಿಯುತ್ತಾಳೆ. ಹನ್ನೊಂದನೇ ಮೆಟ್ಟಿಲಲ್ಲಿ ನಿಲ್ಲುತ್ತಾಳೆ. ಕ್ಯಾಮೆರಾ ಹೊಳೆಯ ಕಡೆ ತಿರುಗಿ ಒಂದು ಕೊಕ್ಕರೆಯನ್ನು ನೋಡಿಕೊಂಡು ವಾಪಸು ಬರುವಷ್ಟರಲ್ಲಿ ಆಕೆ ಇಲ್ಲ. ಚಪ್ಪಲಿ ಮಾತ್ರ ಇದೆ. ಎಲ್ಲಿಗೆ ಹೋದಳು, ಯಾಕೆ ಹೋದಳು, ಒಂದೂ ಹೇಳದೆ ಸಿನಿಮಾ ಮುಗಿಸಿಬಿಡುತ್ತಾರೆ. ಆದರೆ ಮುಗಿಯುವ ಮುಂಚೆ, ಪರದೆಯ ಎಡಗಡೆ ಮೂಲೆಯಲ್ಲಿ, ನಾಲ್ಕೇ ನಾಲ್ಕು ಸೆಕೆಂಡು, ಬಿಳಿ ಷರ್ಟಿನ ಗಂಡಸೊಬ್ಬ ಹಳದಿ ವೈರ್ ಬ್ಯಾಗಿನ ಮೇಲೆ ಟವಲ್ಲು ಮುಚ್ಚಿಕೊಂಡು, ಎರಡು ಸಲ ಹಿಂದೆ ತಿರುಗಿ ನೋಡಿ, ದಡಬಡ ಮೆಟ್ಟಿಲು ಹತ್ತಿಹೋಗುತ್ತಾನೆ. ಆ ಗಂಡಸು ನಾನು.

ನಟನೆ ಮಾಡಲು ನಾನು ಅಲ್ಲಿಗೆ ಹೋಗಿರಲಿಲ್ಲ. ಫೆಬ್ರವರಿಯ ಒಂದು ಭಾನುವಾರ ಮಗಳು ಅರ್ಪಿತಳನ್ನು ಸರ್ಕಾರಿ ಕೆಲಸದ ಪರೀಕ್ಷೆಗೆ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಒಂದು ಪೇಪರು, ಮಧ್ಯಾಹ್ನ ಎರಡಕ್ಕೆ ಇನ್ನೊಂದು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಬಾಡು ಬೆಂದು ಮೂರು ತಿಂಗಳಾಗಿತ್ತು. ಮಗಳಿಗೆ ಕೆಲಸ ಆಗುವವರೆಗೂ ಮನೆಯವರು ಯಾರೂ ಬಾಡು, ಮೀನು, ಮೊಟ್ಟೆ ಮುಟ್ಟುವುದಿಲ್ಲ ಎಂದು ನನ್ನ ಹೆಂಡತಿ ಪುಟ್ಟತಾಯಮ್ಮ ಮೇಲುಕೋಟೆ ಚೆಲುವರಾಯಸ್ವಾಮಿಗೆ ಹರಕೆ ಹೊತ್ತಿದ್ದಳು. ಮನೆಯಲ್ಲಿದ್ದ ಎಂಟು ಕೋಳಿಗಳನ್ನೂ ನಾಗಮಂಗಲದ ತವರಿಗೆ ಸಾಗಿಸಿದ್ದಳು, ನನ್ನ ಕಣ್ಣಿಗೆ ಬೀಳಬಾರದೆಂದು.

ಮೊದಲ ಪೇಪರು ಬರೆದು ಬಂದ ಅರ್ಪಿತ ಶಾಲೆಯ ಗೇಟಿನ ಹತ್ತಿರ ನಿಂತು, "ಅಪ್ಪಾ, ತಲೇನೇ ಓಡ್ತಾ ಇಲ್ಲ. ಮೂರು ತಿಂಗ್ಳಿಂದ ಒಟ್ಟೆಗೆ ಸೊಪ್ಪು ಬುಟ್ರೆ ಏನೂ ಬಿದ್ದಿಲ್ಲ. ಒಳೆ ತಾವ ಮೀನು ಉರೀತಾವ್ರೆ, ವಾಸ್ನೆ ರೂಮೊಳಿಕ್ಕೇ ಬತ್ತಿತ್ತು" ಎಂದಳು. ಕಣ್ಣಲ್ಲಿ ನೀರಿತ್ತು. ಹರಕೆ ದೊಡ್ಡದೋ ಮಗಳ ಹೊಟ್ಟೆ ದೊಡ್ಡದೋ ಎಂದು ತರ್ಕ ಮಾಡುತ್ತ ನಿಲ್ಲಲು ನಾನೇನು ಪಂಡಿತನೇ? ಹೊಳೆ ದಂಡೆಗೆ ಓಡಿದೆ. ಮಸಾಲೆ ಹಚ್ಚಿ ಹುರಿದ ನಾಲ್ಕು ತುಂಡು ಮೀನು ಕಟ್ಟಿಸಿದೆ. ಗುರುತಿನವರು ಕಂಡರೆ ಕಷ್ಟ ಎಂದು ಟವಲ್ಲು ಮುಚ್ಚಿದೆ. ವಾಸನೆ ಹಿಡಿದು ಕಂದು ನಾಯಿಯೊಂದು ಹಿಂದೆ ಬಿತ್ತು, ಅದಕ್ಕೇ ಎರಡು ಸಲ ತಿರುಗಿ ನೋಡಿದೆ. ಎರಡು ಗಂಟೆಯೊಳಗೆ ಅವಳು ತಿಂದು ಒಳಗೆ ಹೋಗಬೇಕಿತ್ತು, ಅದಕ್ಕೇ ಓಡಿದೆ. ದಾರಿಯಲ್ಲಿ ಯಾರೋ ಅಡ್ಡ ಹಗ್ಗ ಕಟ್ಟಿದ್ದರು, ಅಡಿಯಲ್ಲಿ ನುಸುಳಿದೆ. "ಯಾರ್ರೀ ಅದು, ಈಚೆ ಬನ್ರೀ!" ಎಂದು ಕೂಗಿದರು. ನಾನು ನಿಲ್ಲಲಿಲ್ಲ. ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅರ್ಪಿತ ನಾಲ್ಕೂ ತುಂಡು ತಿಂದು, ಕೈ ಒರೆಸಿಕೊಂಡು, ಹಾಲ್ ಟಿಕೆಟ್ ಹಿಡಿದು ಒಳಗೆ ಹೋದಳು. ಕೈ ಸರಿಯಾಗಿ ಒರೆಸಿಕೊಂಡಿರಲಿಲ್ಲ ಎನ್ನುವುದು ಸಂಜೆ ತಿಳಿಯಿತು. ಮನೆಗೆ ಬಂದ ಮೇಲೆ ಪುಟ್ಟತಾಯಮ್ಮ ಹಾಲ್ ಟಿಕೆಟ್ಟನ್ನು ದೇವರ ಮುಂದೆ ಇಡಲು ತೆಗೆದವಳು ಹಾಗೇ ನಿಂತುಬಿಟ್ಟಳು. ಕಾಗದದ ಮೂಲೆಯಲ್ಲಿ ದುಂಡಗೆ ಕೆಂಪು ಗುರುತು.

"ನೋಡ್ರೀ! ನಾನು ಇಟ್ಟಿಲ್ಲ, ಅವ್ಳು ಇಟ್ಟಿಲ್ಲ. ಸ್ವಾಮಿಯೇ ಕುಂಕುಮ ಇಕ್ಕವ್ನೆ!"

ಅದು ಯಾವ ಕುಂಕುಮ ಎಂದು ನನಗೂ ಅರ್ಪಿತಳಿಗೂ ಗೊತ್ತಿತ್ತು. ಇಬ್ಬರೂ ಕೈ ಮುಗಿದೆವು. ಅಂದಿನಿಂದ ಆ ಹಾಲ್ ಟಿಕೆಟ್ಟು ದೇವರಮನೆಯಲ್ಲೇ ಉಳಿಯಿತು. ದಿನಾ ಗಂಧದಕಡ್ಡಿ, ಶನಿವಾರ ಹೂವು. ಬಂದ ನೆಂಟರಿಗೆಲ್ಲ ತೋರಿಸಿ ಕಣ್ಣಿಗೆ ಒತ್ತಿಕೊಳ್ಳಲು ಕೊಡುತ್ತಿದ್ದಳು.

ಜುಲೈಯಲ್ಲಿ ಆಯ್ಕೆ ಪಟ್ಟಿ ಬಂತು. ಅರ್ಪಿತಳ ಹೆಸರು ಅರ್ಧ ಮಾರ್ಕಿನಲ್ಲಿ ತಪ್ಪಿಹೋಗಿತ್ತು. ಎರಡನೇ ಪಟ್ಟಿ ಬರುತ್ತದೆ, ಕಾಯಬೇಕು ಎಂದರು. ಹರಕೆಯೂ ಕಾಯುತ್ತ ಕುಳಿತಿತು. ಪುಟ್ಟತಾಯಮ್ಮ ಅರ್ಧ ಮಾರ್ಕು ಎಲ್ಲಿ ಸೋರಿತು ಎಂಬ ತನಿಖೆಗೆ ಇಳಿದಳು. "ಸ್ವಾಮಿಯೇ ಕುಂಕುಮ ಇಕ್ಕಿದ್ಮೇಲೆ ಇಂಗ್ಯಾಕಾಯ್ತು? ಯಾರೋ ಹರಕೆ ಕೆಡ್ಸವ್ರೆ" ಎಂದು ಪಕ್ಕದ ಮನೆಯ ಮಂಚಯ್ಯನ ಒಲೆಯಿಂದ ಬರುವ ಬಾಡಿನ ಘಮವನ್ನೂ ಅನುಮಾನಿಸಿದಳು. ಅರ್ಪಿತ ಮಾತ್ರ ಯಾರನ್ನೂ ಅನುಮಾನಿಸದೆ ತಟ್ಟೆಯ ಮುಂದೆ ಸುಮ್ಮನೆ ಕೂತು ಏಳುತ್ತಿದ್ದಳು. ಅರ್ಧ ಮಾರ್ಕನ್ನು ತಾನೇ ತಿಂದೆ ಎಂದು ಆ ಹುಡುಗಿಯ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಏನಾದರೂ ಆಗಲಿ, ಈ ಮೀನಿನ ಸುದ್ದಿ ಅವರಮ್ಮನ ಕಿವಿಗೆ ಬೀಳಬಾರದು, ಬಿದ್ದರೂ ಅರ್ಪಿತಳ ಹೆಸರು ಬರಬಾರದು ಎಂದು ನಿರ್ಧಾರ ಮಾಡಿಕೊಂಡೆ.

ಇಂಥ ನಿರ್ಧಾರ ಮಾಡಿಕೊಂಡವನು ಬಾಯಿಮುಚ್ಚಿಕೊಂಡಿರಬೇಕಿತ್ತು. ಆಗಸ್ಟಿನಲ್ಲಿ ಸಿನಿಮಾ ಬಂತು. ಪಾಂಡವಪುರದ ಟಾಕೀಸಿನಲ್ಲಿ, ಊರಿನ ಹತ್ತು ಹನ್ನೆರಡು ಜನರ ನಡುವೆ, ನನ್ನ ಮುಖ ಪರದೆಯ ಮೂಲೆಯಲ್ಲಿ ಎಲ್ಲರಿಗೂ ಗುರುತು ಸಿಗುವಂತೆ ಕಂಡಿತು. "ನನ್ ಬ್ಯಾಗು!" ಎಂದು ಪುಟ್ಟತಾಯಮ್ಮ ಟಾಕೀಸೆಲ್ಲ ಕೇಳುವಂತೆ ಕೂಗಿದಳು. ಅವಳೇ ಹೆಣೆದ ಬ್ಯಾಗದು. ನೀಲಿ ವೈರಿನಲ್ಲಿ ‘ಪು’ ಎಂದು ಅಕ್ಷರವೂ ಹಾಕಿದ್ದಳು.

"ಟವಲ್ಲು ಮುಚ್ಚಿದ್ದೀರಲ್ಲ, ಏನಿತ್ರೀ ಅದ್ರಲ್ಲಿ?"

"ರಂಗನಾಥಸ್ವಾಮಿ ಪ್ರಸಾದ ಕಣೆ. ಅರ್ಪಿತಂಗೆ ಅಂತ ತಂದೆ. ಕಾಗೆ ಪಾಗೆ ಬಾಯಾಕ್ಬಾರ್ದಲ್ಲ."

ಅವಳು ಕತ್ತಲಲ್ಲೇ ಕೈ ಮುಗಿದಳು. ಮೊದಲ ಸುಳ್ಳು ಹೀಗೆ ಸಲೀಸಾಗಿ ಹೋಯಿತು.

ಎರಡನೆಯದು ಮಾರನೇ ದಿನ ಡೈರಿಯಲ್ಲಿ ಬಂತು. ಹಾಲಿನ ಕ್ಯೂನಲ್ಲಿ ನಿಂತವರೆಲ್ಲ, "ಸೆಕ್ರೆಟ್ರಿ, ಸಿನ್ಮಾದಲ್ಲಿ ಅವ್ರಂತೆ!" ಎಂದು ನೋಡುತ್ತಿದ್ದರು. ಇಪ್ಪತ್ತೊಂದು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಎಲ್ಲರೂ ನನ್ನ ಲ್ಯಾಕ್ಟೋಮೀಟರನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಡೈರೆಕ್ಟರು ದಾರಿಯಲ್ಲಿ ನನ್ನನ್ನು ಕಂಡು, ‘ಈ ಮುಖವೇ ಬೇಕು’ ಎಂದು ಹಟ ಹಿಡಿದರು ಎಂದೆ.

"ಅಂಗಾರೆ ಆ ಹುಡ್ಗಿ ಎಲ್ಗೋದ್ಲು ಸೆಕ್ರೆಟ್ರಿ?" ಎಂದ ಮಂಚಯ್ಯ.

"ಅದು ನನಗೆ ಗೊತ್ತು. ಆದ್ರೆ ಯೋಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಆ ಒಂದು ಮಾತನ್ನು ಯಾವ ಶನಿ ನನ್ನ ನಾಲಿಗೆಯ ಮೇಲೆ ಕೂತು ಆಡಿಸಿದನೋ ಗೊತ್ತಿಲ್ಲ. ಮಂಚಯ್ಯ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದ.

ಒಂದು ವಾರದಲ್ಲಿ ಅದು ಕೆ.ಆರ್. ಪೇಟೆಯ ರಘುನಂದನ್ ಕೈಗೆ ಸಿಕ್ಕಿತು. ಯೂಟ್ಯೂಬಿನಲ್ಲಿ ಸಿನಿಮಾಗಳ ಅರ್ಥ ಬಿಡಿಸುವುದು ಈತನ ಉದ್ಯೋಗ. ಪ್ರತಿ ವಾಕ್ಯವನ್ನೂ "ಗೆಳೆಯರೇ" ಎಂದು ಶುರುಮಾಡುತ್ತಾನೆ. ನನ್ನ ತಲೆಯ ಸುತ್ತ ಕೆಂಪು ವೃತ್ತ ಎಳೆದು, ಬ್ಯಾಗಿಗೆ ಬಾಣ ಹಾಕಿ, ನಾಲ್ಕು ಸೆಕೆಂಡಿನ ಬಗ್ಗೆ ನಲವತ್ತು ನಿಮಿಷ ಮಾತಾಡಿದ್ದ. "ಗೆಳೆಯರೇ, ಎಲ್ಲರೂ ನಯನಳ ಚಪ್ಪಲಿ ನೋಡುತ್ತಿದ್ದಾಗ, ಈ ಮನುಷ್ಯ ಯಾಕೆ ಓಡುತ್ತಿದ್ದಾನೆ? ಬ್ಯಾಗಿನಲ್ಲಿ ಏನಿದೆ? ಹಿಂದೆ ಬರುತ್ತಿರುವ ನಾಯಿಗೆ ಯಾವುದರ ವಾಸನೆ ಬಂತು?"

ನಾಯಿಯ ತನಕ ಸರಿಯಾಗಿಯೇ ಹೋಗಿದ್ದ. ಅಲ್ಲಿಂದ ದಾರಿ ತಪ್ಪಿತು. ಬ್ಯಾಗಿನಲ್ಲಿರುವುದು ನಯನಳ ತಲೆ ಎಂದು ಒಬ್ಬ ಬರೆದ. ‘ಪು’ ಎಂದರೆ ಪುನರ್ಜನ್ಮ, ನಾನೇ ಮುಂದಿನ ಜನ್ಮದ ನಯನ ಎಂದು ಇನ್ನೊಬ್ಬ. ನಾನು ಯಮ, ನಾಯಿ ನನ್ನ ದೂತ ಎಂದು ದಾವಣಗೆರೆಯಿಂದ ಮತ್ತೊಬ್ಬ. ಇಡೀ ನಯನ ಬ್ಯಾಗಿನಲ್ಲೇ ಇದ್ದಳು ಎಂಬ ವಾದಕ್ಕೆ ನಮ್ಮೂರಲ್ಲಿ ಬೆಂಬಲ ಸಿಗಲಿಲ್ಲ. "ವೈರ್ ಬ್ಯಾಗ್‌ಗೆ ಐದು ಕೇಜಿ ಮೇಲಾಕುದ್ರೆ ಹಿಡಿ ಕಿತ್ಕೊಂಡೋಯ್ತದೆ ಕಣ್ಲಾ" ಎಂದು ಮಂಚಯ್ಯನೇ ಅದನ್ನು ಹೊಡೆದುಹಾಕಿದ. ನನ್ನ ಪರವಾಗಿ ಈ ಪ್ರಕರಣದಲ್ಲಿ ಬಂದ ಸಾಕ್ಷಿ ಅದೊಂದೇ.

ಡೈರಿಯ ಕೆಲಸ ಕೆಟ್ಟಿತು. ಮೂರು ಲೀಟರ್ ಹಾಲು ತರುವ ಸಿದ್ದಲಿಂಗಮ್ಮ, ಡಿಗ್ರಿ ಕಡಿಮೆ ಇದೆ ಎಂದಿದ್ದಕ್ಕೆ ಕ್ಯಾನನ್ನು ಕುಕ್ಕಿ, "ಹುಡ್ಗೀನೇ ಮಾಯ ಮಾಡ್ದೋನ್ಗೆ ಹಾಲಲ್ಲಿ ಡಿಗ್ರಿ ಮಾಯ ಮಾಡೋದು ಎಷ್ಟೊತ್ತು?" ಎಂದಳು. ಅಂದಿನಿಂದ ಎಲ್ಲರದೂ ಎರಡೆರಡು ಸಲ ಪರೀಕ್ಷೆ. ಹಾಲಿನ ಲಾರಿಯ ಡ್ರೈವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ, ಕೊನೆಗೆ ಇಳಿದು ಬಂದು ಅವನೂ ಕೇಳಿದ, ನಯನ ಎಲ್ಲಿ ಎಂದು.

ಅದೇ ವಾರ ಕಾನ್‌ಸ್ಟೇಬಲ್ ಮಹದೇವಸ್ವಾಮಿ ಬೈಕಿನಲ್ಲಿ ಬಂದರು. ಊರಿನ ಅರ್ಧ ಜನ ಬೈಕಿನ ಹಿಂದೆಯೇ ಬಂತು.

"ಸೆಕ್ರೆಟ್ರಿ, ನಿಮ್ ಮೇಲೆ ಅರ್ಜಿ ಬಂದೈತೆ. ನಯನ ಅನ್ನೋ ಹೆಣ್ಮಗಳು ಕಾಣೆಯಾಗವ್ಳೆ, ನೀವು ಕೊನೇಲಿ ನೋಡಿದ್ದು ಅಂತ."

"ಸ್ವಾಮಿ, ಅವಳು ಸಿನಿಮಾದೋಳು! ಕತೇಲಿ ಕಾಣೆಯಾಗವ್ಳೆ!"

"ಗೊತ್ತು ಕಣ್ರೀ, ನಾನೂ ಮೂರು ಸಲ ನೋಡಿದ್ದೀನಿ. ಅರ್ಜಿ ಬಂದ್ಮೇಲೆ ವಿಲೇವಾರಿ ಮಾಡ್ಬೇಕಲ್ಲ? ಒಂದು ಹೇಳಿಕೆ ಬರ್ಕೊಡಿ, ಮುಗೀತು."

ಡೈರಿಯ ಮೇಜಿನ ಮುಂದೆ ಕೂತು ಬರೆದೆ: ‘ನನ್ನ ವೈರ್ ಬ್ಯಾಗಿನಲ್ಲಿ ನಯನ ಆಗಲೀ, ಆಕೆಯ ಯಾವುದೇ ಭಾಗವಾಗಲೀ ಇರಲಿಲ್ಲ.’ ಮಹದೇವಸ್ವಾಮಿ ಓದಿ ತಲೆ ಆಡಿಸಿದರು.

"ಏನಿರ್ಲಿಲ್ಲ ಅಂತ ಬರ್ದಿದ್ದೀರಿ. ಏನಿತ್ತು ಅಂತ್ಲೂ ಬರೀರಿ. ಅರ್ಧಂಬರ್ಧ ಹೇಳಿಕೆ ಸಾಹೇಬ್ರು ಒಪ್ಪಾಕಿಲ್ಲ."

ಕಿಟಕಿಯಲ್ಲಿ ಇಪ್ಪತ್ತು ಮುಖ. ಬಾಗಿಲಲ್ಲಿ ಪುಟ್ಟತಾಯಮ್ಮ. ನಾನು ‘ಶ್ರೀ ರಂಗನಾಥಸ್ವಾಮಿಯವರ ಪ್ರಸಾದ’ ಎಂದು ಬರೆದು ಸಹಿ ಹಾಕಿದೆ. ಬಾಯಲ್ಲಿದ್ದ ಸುಳ್ಳು ಸರ್ಕಾರಿ ದಾಖಲೆ ಆಯಿತು.

ಮಹದೇವಸ್ವಾಮಿ ರಘುನಂದನ್‌ನ ಚಾನೆಲ್ಲಿನ ಅಭಿಮಾನಿ ಎಂಬುದು ನನಗೆ ಹೇಗೆ ಗೊತ್ತಿರಬೇಕು? ಎರಡೇ ದಿನಕ್ಕೆ ಹೊಸ ವಿಡಿಯೋ ಬಂತು. ಆ ಮಹಾರಾಯ ಶ್ರೀರಂಗಪಟ್ಟಣಕ್ಕೆ ಹೋಗಿ, ಅದೇ ಮೆಟ್ಟಿಲ ಮೇಲೆ ಒಂದು ಕೋಲು ನೆಟ್ಟು, ನೆರಳು ಅಳೆದು, ಸಿನಿಮಾದಲ್ಲಿ ನನ್ನ ಕಾಲ ಕೆಳಗೆ ಬಿದ್ದ ನೆರಳಿಗೆ ಹೋಲಿಸಿದ್ದ. ಇಷ್ಟು ಶ್ರಮವನ್ನು ಆತ ತನ್ನ ಓದಿನ ಮೇಲೆ ಹಾಕಿದ್ದರೆ ಇಷ್ಟೊತ್ತಿಗೆ ಜಿಲ್ಲಾಧಿಕಾರಿ ಆಗಿರುತ್ತಿದ್ದ.

"ಗೆಳೆಯರೇ, ಸಮಯ ಮಧ್ಯಾಹ್ನ ಒಂದೂ ಇಪ್ಪತ್ತೈದು. ಆ ಹೊತ್ತಿಗೆ ದೇವಸ್ಥಾನದ ಬಾಗಿಲು ಹಾಕಿರುತ್ತಾರೆ. ಹಾಗಾದರೆ ಪ್ರಸಾದ ಎಲ್ಲಿಂದ ಬಂತು?"

ಇದನ್ನು ಮಂಚಯ್ಯ ತನ್ನ ಜಗಲಿಯ ಮೇಲೆ ಕೂತು, ಫೋನಿನ ಸದ್ದು ಜೋರು ಮಾಡಿಕೊಂಡು ನೋಡುತ್ತಿದ್ದ. ನಮ್ಮ ಹಿತ್ತಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಪುಟ್ಟತಾಯಮ್ಮನ ಕೈ ನಿಂತಿತು. ನಾನು ಊಟಕ್ಕೆ ಬಂದಾಗ ತಟ್ಟೆ ಇಟ್ಟು, ಮುದ್ದೆ ಇಟ್ಟು, ಸಾರು ಬಿಟ್ಟಳು. ಒಂದು ಮಾತೂ ಆಡಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಬೈದಾಗ ನಾನು ಹೆದರಿದ್ದು ಕಡಿಮೆ, ಸುಮ್ಮನಾದಾಗ ಹೆದರಿದ್ದು ಹೆಚ್ಚು. ಆಮೇಲೆ ಅವಳು ತಮ್ಮನಿಗೆ ಫೋನು ಮಾಡಿದ್ದು ಕೇಳಿಸಿತು.

ಬಾವಮೈದುನ ಹೊನ್ನಪ್ಪ ಭಾನುವಾರ ಬೆಳಿಗ್ಗೆಯೇ ನಾಗಮಂಗಲದಿಂದ ಬುಲೆಟ್ಟಿನಲ್ಲಿ ಬಂದಿಳಿದ. ಅವನಿಗೂ ಒಂದು ಸಿದ್ಧಾಂತ ಇತ್ತು. ಅದನ್ನು ಹೇಳಲು ಅವನು ಆರಿಸಿಕೊಂಡದ್ದು ಡೈರಿಯ ಮುಂದಿನ ಕಟ್ಟೆ, ಹಾಲು ಹಾಕಿ ಮುಗಿಸಿದ ಜನ ಇನ್ನೂ ಕ್ಯಾನು ತೊಳೆಯುತ್ತಿದ್ದ ಹೊತ್ತು.

"ಬಾವ, ನಂಗೆ ನಯನ ಗಿಯನ ಬ್ಯಾಡ. ಪಟ್ಣದಲ್ಲಿ ಯಾವ ಬೀದಿ ಮನೆ, ಅದುನ್ನೇಳು ಸಾಕು."

"ಯಾವ ಮನೆಯೋ?"

"ಬ್ಯಾಗ್ ಮುಚ್ಕೊಂಡು, ಹಿಂದೆ ಮುಂದೆ ನೋಡ್ಕಂಡು ಓಡೋಗೋ ಮನೆ! ಮಗಳು ಒಳಗೆ ಪರೀಕ್ಸೆ ಬರೀತಾವ್ಳೆ, ಅಪ್ಪ ಈಚೆ ಇನ್ನೊಂದು ಸಂಸಾರಕ್ಕೆ ಸಾಮಾನು ಒರ್ತಾವ್ನೆ! ನಮ್ಮಕ್ಕನ ಬ್ಯಾಗಲ್ಲೇ!"

ಸಿದ್ದಲಿಂಗಮ್ಮ, "ಅದ್ಕೇ ಡಿಗ್ರಿ ಕಮ್ಮಿ ಬತ್ತಿತ್ತು" ಎಂದಳು. ಡಿಗ್ರಿಗೂ ಸಂಸಾರಕ್ಕೂ ಏನು ಸಂಬಂಧ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಪುಟ್ಟತಾಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಅವಳ ಹಿಂದೆ ಅರ್ಪಿತ, ಮುಖ ಸುಣ್ಣದ ಹಾಗೆ ಬಿಳಿಚಿಕೊಂಡು. ಸುದ್ದಿ ತಿಳಿದು ರಘುನಂದನ್ ಕ್ಯಾಮೆರಾ ಸಮೇತ ಬಂದಿದ್ದ. ಮಹದೇವಸ್ವಾಮಿಯೂ ಬಂದಿದ್ದರು, ಮಫ್ತಿಯಲ್ಲಿ, ಕೈಯಲ್ಲಿ ಕಡ್ಲೆಕಾಯಿ ಹಿಡಿದು.

ನನಗೆ ಒಂದೇ ದಾರಿ ಉಳಿದಿತ್ತು. ಸಿನಿಮಾ ಮಾಡಿದವರೇ ನಯನ ಎಲ್ಲಿ ಹೋದಳು ಎಂದು ಹೇಳಿಬಿಟ್ಟರೆ ನನ್ನ ಬ್ಯಾಗಿನ ಗೊಡವೆ ಯಾರಿಗೆ ಬೇಕು? ರಘುನಂದನ್ ಹತ್ತಿರ ಡೈರೆಕ್ಟರ ನಂಬರು ಇತ್ತು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಸ್ವಾಮಿ, ನಾನು ನಿಮ್ಮ ಸಿನಿಮಾದಲ್ಲಿ ವೈರ್ ಬ್ಯಾಗ್ ಹಿಡ್ಕೊಂಡು ಹೋದೋನು."

"ಅಯ್ಯೋ, ನೀವಾ! ನಿಮ್ಮನ್ನ ಎಷ್ಟು ಹುಡುಕಿಸಿದೆ ಗೊತ್ತಾ? ಹಗ್ಗದ ಕೆಳಗೆ ನುಗ್ಗಿ ಶಾಟ್ ಹಾಳು ಮಾಡಿದ್ರಿ ಅಂತ ಅವತ್ತು ಸಿಕ್ಕಾಪಟ್ಟೆ ಬೈದೆ. ಆಮೇಲೆ ನೋಡಿದ್ರೆ, ಇಡೀ ಸಿನಿಮಾದಲ್ಲಿ ಜೀವ ಇರೋದು ಅದೊಂದೇ ಶಾಟು!"

‘ಈ ಮುಖವೇ ಬೇಕು’ ಎಂಬ ನನ್ನ ಕತೆ ಇಲ್ಲಿಗೆ ಸತ್ತಿತು. ಮಂಚಯ್ಯ ಗಟ್ಟಿಯಾಗಿ ಕೆಮ್ಮಿದ. ನಾನು ಬಿಡಲಿಲ್ಲ.

"ಅದಿರ್ಲಿ. ಆ ಹುಡುಗಿ ಎಲ್ಲಿಗೆ ಹೋದ್ಲು, ಅದೊಂದು ಹೇಳ್ಬಿಡಿ. ನಮ್ಮನೆ ಮುರಿಯೋ ಹಂಗಾಗಿದೆ."

"ನೋಡಿ, ಅದನ್ನ ನಾನು ಪ್ರೇಕ್ಷಕರಿಗೆ ಬಿಟ್ಟಿದ್ದೀನಿ."

"ಪ್ರೇಕ್ಷಕರಿಗೆ ಎಲ್ಲಿ ಬಿಟ್ರಿ ಸ್ವಾಮಿ? ಪ್ರೇಕ್ಷಕರನ್ನ ನನ್ನ ಮೇಲೆ ಬಿಟ್ರಿ!"

ಆತ ‘ಅದ್ಭುತ’ ಎಂದು ನಕ್ಕು ಫೋನು ಇಟ್ಟರು. ನನ್ನ ಸಹನೆ ಅಲ್ಲಿಗೆ ಮುಗಿಯಿತು. ಕಟ್ಟೆ ಹತ್ತಿ ನಿಂತು, ಊರಿಗೆಲ್ಲ ಕೇಳುವಂತೆ ಕಿರುಚಿದೆ:

"ಮೀನು ಕಣ್ರಯ್ಯ, ಮೀನು! ಬ್ಯಾಗಲ್ಲಿದ್ದದ್ದು ಉರ್ದಿದ್ ಮೀನು! ನಾಕು ಪೀಸು! ನಾನೇ ತಗಂಡೆ, ನಾನೇ ತಿಂದೆ, ನಾಕೂ ನಾನೊಬ್ನೇ ತಿಂದೆ!"

ಮೊದಲು ಬಾಯಿ ತೆರೆದವನು ಮಂಚಯ್ಯ. "ಮೀನಂತೆ! ನಾಕು ಪೀಸ್ ಮೀನ್ಗೆ ಯಾರಾದ್ರೂ ಇಷ್ಟು ದಿನ ಬಾಯಿ ಕಟ್ಕೊಂಡಿರ್ತಾರಾ? ಏನೋ ದೊಡ್ಡದೇ ಮುಚ್ಚಾಕ್ತಾವ್ನೆ."

ರಘುನಂದನ್ ಕ್ಯಾಮೆರಾ ಇಳಿಸಿ ನೊಂದ ದನಿಯಲ್ಲಿ, "ಸಾರ್, ಮೀನು ತುಂಬಾ ಸಪ್ಪೆ ಆಯ್ತು. ನಮ್ಮ ವೀಕ್ಷಕರು ಒಪ್ಪಲ್ಲ" ಎಂದ.

ಮಹದೇವಸ್ವಾಮಿ ಕಡ್ಲೆಕಾಯಿ ಸಿಪ್ಪೆ ಉದುರಿಸಿಕೊಂಡು ಹತ್ತಿರ ಬಂದರು. "ಸೆಕ್ರೆಟ್ರಿ, ಹೇಳಿಕೇಲಿ ಪ್ರಸಾದ ಅಂತ ಬರ್ದಿದ್ದೀರಿ, ಅರ್ಜಿ ವಿಲೇವಾರಿ ಆಗೋಗೈತೆ. ಈಗ ಮೀನು ಅಂದ್ರೆ ಮತ್ತೆ ಓಪನ್ ಮಾಡ್ಬೇಕಾಯ್ತದೆ. ಪ್ರಸಾದಾನೇ ಇರ್ಲಿ ಬುಡಿ."

"ಅದೆಲ್ಲ ಇರ್ಲಿ, ಮೀನು ಯಾವ ಮನೇಗೆ ಬಾವ?" ಎಂದ ಹೊನ್ನಪ್ಪ.

ತಲೆ ಹೊಡೆದುಕೊಂಡು ಸಾಯಬೇಕು ಅನ್ನಿಸಿತು. ಸುಳ್ಳು ಹೇಳಿದಾಗ ಊರೆಲ್ಲ ನಂಬಿತ್ತು. ನಿಜ ಹೇಳಿದೆ, ಒಬ್ಬರೂ ನಂಬಲಿಲ್ಲ. ಅಲ್ಲ, ಒಬ್ಬಳು ನಂಬಿದಳು. ಯಾರು ನಂಬಬಾರದೆಂದು ಏಳು ತಿಂಗಳು ಒದ್ದಾಡಿದ್ದೆನೋ ಅವಳು. ಪುಟ್ಟತಾಯಮ್ಮ ನನ್ನ ಮುಖವನ್ನು ಒಂದು ಸಲ ನೋಡಿ, ತಿರುಗಿ ನೆಟ್ಟಗೆ ಮನೆಗೆ ನಡೆದಳು. ನಾನೂ ಅರ್ಪಿತಳೂ ಹಿಂದೆ ಓಡಿದೆವು. ಹೊನ್ನಪ್ಪನೂ ಬಂದ.

ಅವಳು ನೇರವಾಗಿ ದೇವರಮನೆಗೆ ಹೋಗಿದ್ದಳು. ಹಾಲ್ ಟಿಕೆಟ್ಟು ಅವಳ ಕೈಯಲ್ಲಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೆಂಪು ಗುರುತಿನ ಸುತ್ತ ಎಣ್ಣೆಯ ವೃತ್ತ ಕಂಡಿತು, ರಘುನಂದನ್ ನನ್ನ ತಲೆಯ ಸುತ್ತ ಎಳೆದದ್ದಕ್ಕಿಂತ ಸ್ಪಷ್ಟವಾಗಿ. ಮೂಗಿಗೆ ಹಿಡಿದು ಮೂಸಿದಳು. ಏಳು ತಿಂಗಳ ಗಂಧದಕಡ್ಡಿಯ ಅಡಿಯಲ್ಲೂ ಅದಕ್ಕೆ ತನ್ನ ಮೂಲ ಗುಣ ಉಳಿದಿತ್ತೆಂದು ಕಾಣುತ್ತದೆ.

"ನಾಕೂ ನೀವೊಬ್ರೇ ತಿಂದ್ರಾ?"

"ಹೂಂ."

"ತಿಂದ ಕೈಯಿ ನಿಮ್ದು. ಮಸಾಲೆ ಇವ್ಳ ಹಾಲ್ ಟಿಕೆಟ್‌ಗೆ ಎಂಗ್ ಬಂತು? ಇದುನ್ನ ಬೇರೆಯೋರ ಕೈಗೇ ಕೊಡಾಕಿಲ್ಲ ಅಂತ ಎದೆಗವಚ್ಕೊಂಡು ಓಗಿದ್ಲು."

ಕೋಲು ಬೇಕಾಗಲಿಲ್ಲ, ನೆರಳು ಬೇಕಾಗಲಿಲ್ಲ, ನಲವತ್ತು ನಿಮಿಷವೂ ಬೇಕಾಗಲಿಲ್ಲ.

"ಏಳು ತಿಂಗ್ಳು! ಏಳು ತಿಂಗ್ಳು ನಾನು ಹೂ ಇಕ್ಕಿ ಕೈ ಮುಗ್ದಿದ್ದು ಮೀನ್ ಮಸಾಲೇಗಾ?"

ಬಾಗಿಲಲ್ಲಿದ್ದ ಹೊನ್ನಪ್ಪ ಮೆಲ್ಲಗೆ ಕರ್ಚೀಫು ತೆಗೆದು ಕಣ್ಣು ಒರೆಸಿಕೊಂಡ. ದುಃಖಕ್ಕಲ್ಲ. ಯುಗಾದಿಗೆ ಬಂದಾಗ ಆ ಹಾಲ್ ಟಿಕೆಟ್ಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡವನು ಅವನು.

ಅರ್ಪಿತ ಮುಂದೆ ಬಂದಳು. "ಅವ್ವಾ, ಅಪ್ಪಂದೇನೂ ತಪ್ಪಿಲ್ಲ. ಕೇಳಿದ್ದು ನಾನು, ತಿಂದಿದ್ದೂ ನಾನು. ಅರ್ಧ ಮಾರ್ಕು ನಾನೇ ಕಳ್ಕೊಂಡೆ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಪುಟ್ಟತಾಯಮ್ಮ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಕಾಗದವನ್ನೇ ನೋಡುತ್ತ ಕೇಳಿದಳು.

"ಮೀನು ತಿಂದಿದ್ದು ಯಾವಾಗ?"

"ಮಧ್ಯಾಹ್ನದ್ ಪೇಪರ್‌ಗೆ ಮುಂಚೆ."

"ಬೆಳಗ್ಗಿನ್ ಪೇಪರ್‌ಗೆ ಏನು ತಿಂದೋಗಿದ್ದೆ?"

"ನೀನು ಕಟ್ಕೊಟ್ಟಿದ್ಯಲ್ಲ, ಸಬ್ಬಸ್ಸಿಗೆ ಸೊಪ್ಪಿನ್ ರೊಟ್ಟಿ."

"ಅದ್ರಲ್ಲಿ ಎಷ್ಟು ಬಂತು?"

"ಐವತ್ತೆಂಟು."

"ಮೀನು ತಿಂದು ಬರ್ದಿದ್ದು?"

ಅರ್ಪಿತ ಅಳು ನಿಲ್ಲಿಸಿದಳು. "ಎಪ್ಪತ್ತೊಂದೂವರೆ."

ಮನೆಯಲ್ಲಿ ಎಲ್ಲರೂ ಚೆಲುವರಾಯಸ್ವಾಮಿಯ ಪಟದ ಕಡೆ ನೋಡಿದೆವು. ಪುಟ್ಟತಾಯಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು, ಈಗ ಉತ್ತರ ಹೇಳುವ ಸರದಿ ನಿನ್ನದು ಎನ್ನುವ ಹಾಗೆ. ಸ್ವಾಮಿಯೂ ಅದನ್ನು ಪ್ರೇಕ್ಷಕರಿಗೇ ಬಿಟ್ಟಂತಿತ್ತು. ಆಮೇಲೆ ಅವಳು ಸೆರಗಿನಿಂದ ಮಗಳ ಮೂಗು ಒರೆಸಿ, ಅರಿಶಿನದ ಬಟ್ಟೆಯ ತುಂಡು ತೆಗೆದು, ಒಂದು ನಾಣ್ಯ ಇಟ್ಟು ಗಂಟು ಹಾಕಿ, "ಬರೋ ಶನಿವಾರ ಮೇಲುಕೋಟೆಗೆ ಓಗಿ ತಪ್ಪುಕಾಣಿಕೆ ಆಕ್ಬುಡಾನ" ಎಂದಳು. ತಪ್ಪು ಯಾರದ್ದು ಎಂದು ಅವಳು ಹೇಳಲಿಲ್ಲ, ಕೇಳುವ ಧೈರ್ಯ ನಮಗೂ ಬರಲಿಲ್ಲ. ಹಾಲ್ ಟಿಕೆಟ್ಟು ದೇವರಮನೆಗೆ ವಾಪಸು ಹೋಗಲಿಲ್ಲ. ಅರ್ಪಿತಳ ಫೈಲು ಸೇರಿತು.

ಶನಿವಾರ ಕಾಣಿಕೆ ಹಾಕಿದ ಮೇಲೆ ಬೆಟ್ಟದ ಮೇಲಿನ ನರಸಿಂಹಸ್ವಾಮಿಗೂ ಕೈ ಮುಗಿದು ಬರೋಣ ಎಂದು ಮೆಟ್ಟಿಲು ಹತ್ತುತ್ತಿದ್ದೆವು. ಸ್ವಲ್ಪ ಹತ್ತಿದ ಕೂಡಲೇ ಪುಟ್ಟತಾಯಮ್ಮ ಮಂಡಿ ಹಿಡಿದುಕೊಂಡು ಕೂತಳು. ಹಿಂದಿನಿಂದ ಯಾರೋ "ಗೆಳೆಯರೇ!" ಎಂದು ಕಿರುಚಿದರು. ರಘುನಂದನ್! ನಮ್ಮ ಬಸ್ಸಿನ ಹಿಂದೆಯೇ ಸ್ಕೂಟರಿನಲ್ಲಿ ಬಂದಿದ್ದನಂತೆ. "ಗೆಳೆಯರೇ, ಎಣಿಸಿ ನೋಡಿ, ಇವರು ಕೂತಿರುವುದು ಸರಿಯಾಗಿ ಹನ್ನೊಂದನೇ ಮೆಟ್ಟಿಲು!"

ನಾನು ಚಪ್ಪಲಿಗೆ ಕೈ ಹಾಕಿದೆ. ದೇವರ ಬೆಟ್ಟ ಎಂದು ಬರಿಗಾಲಲ್ಲಿ ಬಂದಿದ್ದೆ, ಅವನ ಪುಣ್ಯ.

ಅವನು ಕ್ಯಾಮೆರಾವನ್ನು ಪುಟ್ಟತಾಯಮ್ಮನ ಕಡೆ ತಿರುಗಿಸಿದ. "ಅಮ್ಮಾ, ನೀವೇ ಹೇಳಿ. ನಯನ ಎಲ್ಲಿಗೆ ಹೋದಳು?"

"ಯಾವ ನಯನ? ಆ ಸಿನ್ಮಾ ಹುಡ್ಗೀನಾ?" ಎಂದು ಅವಳು ಮಂಡಿ ತಿಕ್ಕಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಅರ್ಪಿತಳ ಕೈ ಹಿಡಿದು ಎಳೆದು ಕೂರಿಸಿಕೊಂಡಳು. "ಎಲ್ಗೋಯ್ತಾಳಪ್ಪ? ಅವ್ರವ್ವ ತಿಂಗ್ಳುಗಟ್ಲೆ ಬರೀ ಸೊಪ್ಪು ಬೇಯ್ಸಿಕ್ಕವ್ಳೆ. ಮಗ ಹಸ್ಕೊಂಡದೆ. ಒಳೆ ದಂಡೇಲಿ ಮೀನು ಉರಿಯೋ ವಾಸ್ನೆ ಬಂದದೆ, ಚಪ್ಲಿ ಬುಟ್ಟು ಓಡೋಗದೆ. ಉಂಡ್ಕಂಡು ಬತ್ತದೆ ಬುಡು, ಯಾಕಿಂಗೆ ಊರೆಲ್ಲ ಹುಡುಕ್ತೀರಿ?"

ಅರ್ಪಿತ ಫಕ್ಕನೆ ನಕ್ಕಳು. ಜುಲೈಯಿಂದ ಈಚೆಗೆ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಕಣ್ಣು ಮಂಜಾಯಿತು, ಅದನ್ನೂ ರಘುನಂದನ್ ಹಿಡಿದುಕೊಂಡ.

ಆ ವಿಡಿಯೋವನ್ನು ಎಂಟು ಲಕ್ಷ ಜನ ನೋಡಿದ್ದಾರಂತೆ. ಇದೇ ಸರಿಯಾದ ಅರ್ಥ ಎಂದು ಬಹುಮತ ಆಗಿದೆ. ಡೈರೆಕ್ಟರು ಫೋನು ಮಾಡಿ, ತಮಗೂ ಈಗ ಹಾಗೇ ಅನ್ನಿಸುತ್ತಿದೆ ಎಂದರು. ಯಮನ ಪಕ್ಷದವರು ಮಾತ್ರ ಇನ್ನೂ ಪಟ್ಟು ಬಿಟ್ಟಿಲ್ಲ. ಸಿದ್ದಲಿಂಗಮ್ಮನ ಹಾಲಿನ ಡಿಗ್ರಿ ಈಗಲೂ ಕಡಿಮೆಯೇ ಬರುತ್ತಿದೆ.

ಎರಡನೇ ಪಟ್ಟಿ ಇನ್ನೂ ಬಂದಿಲ್ಲ. ಹಾಗಾಗಿ ಹರಕೆ ಹಾಗೇ ಇದೆ. ಪುಟ್ಟತಾಯಮ್ಮ ಸ್ವಾಮಿಯ ಹತ್ತಿರ ಮಾತಾಡಿಕೊಂಡು ಒಂದು ತಿದ್ದುಪಡಿ ಮಾತ್ರ ತಂದಿದ್ದಾಳೆ: ಪರೀಕ್ಷೆ ಬರೆಯುವವರು ಪರೀಕ್ಷೆಯ ದಿನ ಮೀನು ತಿನ್ನಬಹುದು, ಅವರು ಮಾತ್ರ, ಅವತ್ತು ಮಾತ್ರ. ಡಿಸೆಂಬರಿನಲ್ಲಿ ಇನ್ನೊಂದು ಪರೀಕ್ಷೆ ಇದೆ. ಅರ್ಪಿತ ಅರ್ಜಿ ಹಾಕಿದ್ದಾಳೆ. ಇವತ್ತೂ ಮನೆಯಲ್ಲಿ ಸೊಪ್ಪಿನ ಬಸ್ಸಾರು. ಐವತ್ತೆರಡು ವರ್ಷದವರಿಗೆ ಬರೆಯಲು ಬಿಡುವ ಪರೀಕ್ಷೆ ಯಾವುದಾದರೂ ಇದೆಯೇ ಎಂದು ನಾನು ವಿಚಾರಿಸುತ್ತಿದ್ದೇನೆ.